ಕಪ್ಪು, ಮೂವತ್ತು

ದುರ್ಗಿಗುಡಿಯಲ್ಲಿ ಮೂರನೇ ಮಹಡಿ.
ಕೆಳಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ,
ಅದರ ಗರಗಸ ನಿಂತ ಮೇಲೆ ನನ್ನ ಪಾಳಿ.
ಹದಿನೆಂಟು ಡಿಗ್ರಿಯ ತಂಪು ಯಂತ್ರಗಳಿಗೆ,
ನನಗೆ ಮಫ್ಲರು.

ಎಪ್ಪತ್ತೆರಡು ಚಾನೆಲ್ಲು ಗೋಡೆ ತುಂಬ ಮಿನುಗುತ್ತವೆ
ಬೆಂಕಿಪೊಟ್ಟಣದಷ್ಟಷ್ಟೇ ಚೌಕಗಳಲ್ಲಿ.
ಯಾವುದನ್ನೂ ನಾನು ನೋಡುವುದಿಲ್ಲ.
ಯಾರು ಅತ್ತರು, ಯಾರು ಔಟಾದರು, ಅದು ಊರಿನ ಕೆಲಸ.
ಚಿತ್ರದೊಳಗೆ, ಚಿತ್ರಕ್ಕೇ ಗೊತ್ತಾಗದಂತೆ
ಹರಿದು ಬರುವ ಒಂದು ಸನ್ನೆಯನ್ನು ಕಾಯುವುದು ನನ್ನ ಕೆಲಸ.

ಧಾರೆಯ ಹೊತ್ತಿಗೆ ಪುರೋಹಿತರು ಬೆರಳೆತ್ತುತ್ತಾರಲ್ಲ,
ಓಲಗದವರು ಅದನ್ನೇ ಕಾದಿದ್ದು ಗಟ್ಟಿಮೇಳ ಬಡಿಯುತ್ತಾರಲ್ಲ,
ಆ ಬೆರಳು ಯಾವ ಆಲ್ಬಮ್ಮಿನಲ್ಲೂ ಇರುವುದಿಲ್ಲ.
ಅಂಥದು ಇದು.
'ಇನ್ನು ಎಂಟು ಸೆಕೆಂಡಿಗೆ ಬಾಗಿಲು ತೆಗೆಯುತ್ತೇನೆ,
ತೊಂಬತ್ತು ಸೆಕೆಂಡು ನಿಮ್ಮದು,
ಆಮೇಲೆ ನನ್ನ ಕಥೆ ನನಗೆ ಕೊಡಿ'
ಎಂದು ಮುಂಬಯಿಯಿಂದಲೋ ಚೆನ್ನೈಯಿಂದಲೋ
ಆಕಾಶ ಹತ್ತಿ ಇಳಿದು ಬರುತ್ತದೆ.
ಆ ತೊಂಬತ್ತರಲ್ಲಿ ನಾವು ತುರುಕುತ್ತೇವೆ
ನಮ್ಮೂರ ಸೀರೆ, ನಮ್ಮೂರ ಟ್ಯೂಷನ್ನು, ಮೂಲವ್ಯಾಧಿಯ ಡಾಕ್ಟರು.

ಲಾಗ್ ತನ್ನಷ್ಟಕ್ಕೆ ಬರೆದುಕೊಳ್ಳುತ್ತದೆ:
ಚಾನೆಲ್ ನಲವತ್ತೊಂದು.
ಏಳು ಗಂಟೆ, ಹದಿನಾಲ್ಕು ನಿಮಿಷ, ಆರು ಸೆಕೆಂಡು.
ಸನ್ನೆ ಬಂತು. ಜಾಹೀರಾತು ಹೋಯಿತು. ಸರಿ.
ಮತ್ತೆ ಸರಿ. ಮತ್ತೆ.
ಒಂದು ರಾತ್ರಿಗೆ ಸಾವಿರದಿನ್ನೂರು ಸರಿ.
ಇಷ್ಟೊಂದು ಸರಿಗಳ ನಡುವೆ ಕೂತವನಿಗೆ
ತೂಕಡಿಕೆ ಬಂದರೆ ತಪ್ಪೇನು?

ಸೆಲ್ವಮೇರಿ ಬಂದದ್ದು ಒಂದು ಮಂಗಳವಾರ.
ಭದ್ರಾವತಿಯ ಪೇಪರ್ ಟೌನಿನಲ್ಲಿ ಅವರದು
ಕುಕ್ಕರಿಗೆ ಗ್ಯಾಸ್ಕೆಟ್ಟು, ಮಿಕ್ಸಿ ಬ್ಲೇಡಿಗೆ ಸಾಣೆ.
ಚೀಟಿ ಎತ್ತಿದ ದುಡ್ಡಿನಲ್ಲಿ
ಮೂವತ್ತು ಸೆಕೆಂಡಿನ ಜಾಹೀರಾತು ಮಾಡಿಸಿದ್ದರು.
ಬಿಲ್ಲಿನಲ್ಲಿ ಹನ್ನೊಂದು ಸಲ ಎಂದಿತ್ತು.
'ಒಂಬತ್ತು' ಎಂದರು, ಕೂರದೆಯೇ.

ಪರದೆ ತಿರುಗಿಸಿ ತೋರಿಸಿದೆ. ಹನ್ನೊಂದು ಸಾಲು,
ಹನ್ನೊಂದಕ್ಕೂ ಹಸಿರು.
ಅವರು ಚೀಲದಿಂದ ತೆಗೆದರು
ಮಗಳ ಹಳೇ ಜಾಮಿಟ್ರಿ ನೋಟುಬುಕ್ಕು.
ಅರ್ಧ ಎಳೆದು ಬಿಟ್ಟ ವೃತ್ತಗಳ ಪಕ್ಕ ಪೆನ್ಸಿಲಿನಲ್ಲಿ:

೭–೧೪. ಬಂತು. ಪಕ್ಕದ ಮನೆಯವರೂ ನೋಡಿದರು.
೮–೪೦. ಬಂತು. ಫೋನ್ ನಂಬರು ಬೇಗ ಹೋಗುತ್ತದೆ.
೯–೦೨. ಬಂತು. ನಾನು ಸ್ವಲ್ಪ ದಪ್ಪ ಕಾಣುತ್ತೇನೆ.
ಗುರುವಾರ ೭–೨೬. ಕಪ್ಪು. ಮೂವತ್ತು ಎಣಿಸಿದೆ.
ಆಮೇಲೆ ಸೀರೆ ಅಂಗಡಿ ಬಂತು.
ಶನಿವಾರ ೮–೦೩. ಕಪ್ಪು. ಮೂವತ್ತು.

ಹಳೆಯ ರೆಕಾರ್ಡಿಂಗು ಹುಡುಕಿ ಹಾಕಿದೆ.
ಗುರುವಾರ ಸನ್ನೆ ಬಂದಿತ್ತು, ಯಂತ್ರ ಹೂಂ ಎಂದಿತ್ತು,
ಬಾಗಿಲು ತೆರೆದು, ಅಳತೆಗೆ ಸರಿಯಾಗಿ
ಮೂವತ್ತು ಸೆಕೆಂಡು ಕತ್ತಲನ್ನು ಕಳಿಸಿ
'ಸರಿ' ಎಂದು ಬರೆದುಕೊಂಡಿತ್ತು.
ಅವರ ಬಾಯೆಣಿಕೆಗೂ ಅದರ ಗಡಿಯಾರಕ್ಕೂ
ಒಂದು ಸೆಕೆಂಡಿನ ವ್ಯತ್ಯಾಸವಿಲ್ಲ.

ಇಷ್ಟು ವರ್ಷ ನಾನು ಕಾದದ್ದು ಬೆರಳನ್ನು.
ಓಲಗ ನುಡಿಯಿತೇ ಎಂದು ಕಿವಿಗೊಡಲೇ ಇಲ್ಲ.
ಹೊಸನಗರದಿಂದ ಭದ್ರಾವತಿಯ ತನಕ
ಎಷ್ಟು ಮನೆಗಳಲ್ಲಿ ಆ ಕತ್ತಲೆ ಬಿದ್ದಿತ್ತೋ!
ಎಲ್ಲರೂ ತಮ್ಮ ವೈರಿನದೇ ತಪ್ಪೆಂದು
ಟಿವಿಯ ತಲೆಗೊಂದು ಮೊಟಕಿ ಸುಮ್ಮನಾಗಿರಬೇಕು.
ದೂರು ಒಂದೂ ಬರಲಿಲ್ಲ.
ಎಣಿಸಿದವರು ಒಬ್ಬರೇ.

ಮ್ಯಾನೇಜರ್ ವಾಗೀಶ್ ನಕ್ಕರು,
'ಎರಡು ಸಲ ಫ್ರೀಯಾಗಿ ಹಾಕೋಣ ಬಿಡ್ರಿ.'
'ಫ್ರೀ ಬೇಡ ಸಾರ್, ಎರಡರ ದುಡ್ಡು ಕೊಡಿ'
ಎಂದು ರಸೀದಿ ಬರೆಸಿಕೊಂಡು, ಚಿಲ್ಲರೆ ಎಣಿಸಿಕೊಂಡು
ಆರೂಕಾಲರ ಬಸ್ಸಿಗೆ ಓಡಿದರು.

ಈಗ ಮೇಜಿನ ಮೇಲೆ ನನ್ನದೂ ಒಂದು ಗೆರೆಪುಸ್ತಕ,
ಕೆಳಗಿನ ಅಂಗಡಿಯಿಂದ ಕೇಳಿ ತಂದ ಬಡಗಿ ಪೆನ್ಸಿಲು.
ಪರದೆ ಹಸಿರಾದಾಗಲೆಲ್ಲ
ತಲೆಯೆತ್ತಿ ಗೋಡೆಯ ಆ ಬೆಂಕಿಪೊಟ್ಟಣ ನೋಡುತ್ತೇನೆ,
ನೋಡಿದ್ದನ್ನು ಬರೆಯುತ್ತೇನೆ.

ಇವತ್ತು ೮–೪೦. ಬಂತು.
ಅವರು ದಪ್ಪ ಕಾಣುವುದಿಲ್ಲ.