ತಾಸಿಗೊಂದು ಸಾಲು

ಮುನಿರಾಬಾದಿನ ಕಾಲುವೆ ಆಫೀಸಿನಲ್ಲಿ
ಗೇಟಿನ ಕಂಪ್ಯೂಟರು ಉಸಿರುಗಟ್ಟಿ ಕೂತಿತ್ತು.
ಡಿಸ್ಕಿನ ತುಂಬ ಒಂದೇ ಮಾತು:
ಸರಿ ಇದೆ, ಸರಿ ಇದೆ, ಸರಿ ಇದೆ,
ನಿಮಿಷಕ್ಕೆ ನಲವತ್ತು ಸಲ, ಜೂನಿನಿಂದ.

ಸೊನ್ನೆಯೆಂದರೆ ಬೊಬ್ಬೆ, ಏಳೆಂದರೆ ಗೊಣಗು.
ನಾಲ್ಕು ದಾಟಿದ್ದನ್ನು ಬರೆಯಬೇಡ ಎಂದು ಕಟ್ಟು ಹಾಕಿದೆ.
ವಾರಕ್ಕೊಮ್ಮೆ ಮಡಚು, ಐದನೆಯ ವಾರ ಎಸೆ.
ಫೈಲು ಉಳಿಸಿ, ಸೇವೆಯನ್ನು ಮತ್ತೆ ಎಬ್ಬಿಸಿ
ಚಹಾಕ್ಕೆ ಎದ್ದೆ.

"ಈಗ ಏನೂ ಬರೀವಲ್ದಲ್ರೀ ಮೇಡಂ?"
ಗೇಜು ನೋಡುವ ಹುಲಿಗೆಪ್ಪ.
ಬರೆಯದಿದ್ದರೆ ಎಲ್ಲ ಸರಿ ಅಂತ, ಅಂದೆ.
"ಸತ್ತೈತಿ ಅಂತನೂ ಆಗ್ತೈತಿ."

ಕಪಾಟಿನಿಂದ ತನ್ನ ರಿಜಿಸ್ಟರು ತೆಗೆದ,
ಎಂಬತ್ತೊಂಬತ್ತರದು, ಮೂಲೆ ಇಲಿ ತಿಂದದ್ದು.
ರಾತ್ರಿ ಒಂದು: ಅದೀನಿ.
ಎರಡು: ಅದೀನಿ. ನೀರು ಅಷ್ಟ.
ಮೂರರ ಮುಂದೆ ಖಾಲಿ.
"ಅಲ್ಲಿ ನಿದ್ದಿ ಹತ್ತಿತ್ತು," ಅಂತ ನಕ್ಕ.
"ಸಾಹೇಬ್ರಿಗೆ ಅದರಿಂದನ ಗೊತ್ತಾತು."

ತಿರುಗಿ ಕೂತೆ.
ಏನೂ ಆಗದಿದ್ದರೂ ತಾಸಿಗೊಮ್ಮೆ
ಗುರುತು ಹಾಕು, ಎಂದು ಒಂದು ಸಾಲು ಸೇರಿಸಿದೆ.

ಹತ್ತಕ್ಕೆ ಪರದೆಯ ಮೇಲೆ ಬಂತು:
ಎರಡು ಕಡೆ ಅಡ್ಡಗೆರೆ, ನಡುವೆ ಒಂದು ಇಂಗ್ಲಿಷು ಪದ.
ಇಂಗ್ಲಿಷು ಬಾರದ ಹುಲಿಗೆಪ್ಪ
ಕಣ್ಣು ಕಿರಿದು ಮಾಡಿ ಓದಿದ:
"ಅದೀನಿ ಅಂತೈತಿ."