ತೇಪೆ

ಹಸಿರು ಅಂದರೆ ಯಾವ ಹಸಿರು ಎಂಬುದಕ್ಕೇ
ಮೂರು ಶನಿವಾರ ಹೋದವು ನಮಗೆ.
ಪಾಚಿಯದೋ, ಬಾಟಲಿಯದೋ, ಸಂಜೆಯ ಪೈನ್ ಕಾಡಿನದೋ?
ತೈಸ್ತೊ ಅಂಗೈಯಗಲದ ತಗಡೊಂದನ್ನು ತಂದು
ಕಿಟಕಿಯ ಬೆಳಕಿಗೆ ಹಿಡಿದ.
"ಇದು ನಲವತ್ತೆರಡರ ಹಸಿರು. ನಲವತ್ತಮೂರರದಲ್ಲ."
ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿವವನ ಗತ್ತು.
ಯಾರೂ ನಗಲಿಲ್ಲ.
ಇಂಥದಕ್ಕೆ ನಗುವವರು ಇಲ್ಲಿಗೆ ಬರುವುದಿಲ್ಲ.

ಹಿರ್ವಿಲಂಪಿ ಕೆರೆಯ ದಂಡೆಗೆ,
ಹಿಂದೊಮ್ಮೆ ಆಲೂಗಡ್ಡೆ ತುಂಬಿಡುತ್ತಿದ್ದ ಉಗ್ರಾಣ.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಒಳಗೆ, ರೆಕ್ಕೆ ಕಳಚಿಟ್ಟು ಕೂತ ಫಾಕರ್:
ಉಕ್ಕಿನ ಕೊಳವೆಯ ಎಲುಬು, ಅಗಸೆನಾರಿನ ಬಟ್ಟೆಯ ಚರ್ಮ,
ಹಿಮದ ಮೇಲಿಳಿಯಲು ಗಾಲಿಯ ಬದಲು ಜಾರುಹಲಗೆ.
ಬಟ್ಟೆಗೆ ಅರಗು ಬಳಿಯುವ ದಿನ ಒಲೆ ಹಚ್ಚುವಂತಿಲ್ಲ,
ಒಂದು ಕಿಡಿ ಸಾಕು.
ಅಂದು ಕೋಟು ತೊಟ್ಟೇ ಕೆಲಸ, ಫ್ಲಾಸ್ಕಿನ ಕಾಫಿ,
ಆ ವಾಸನೆಗೆ ತಲೆ ತಿರುಗಿ
ಈಲಿಸ್ ಒಬ್ಬನೇ ಹಾಡಿಕೊಳ್ಳುತ್ತಾನೆ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು,
ಒಂದು ದಿನವೂ ನೆಲ ಬಿಡದ ಬಸ್ಸು.
ತೈಸ್ತೊ ಅಂಚೆಯವನು.
ಹೆಂಡತಿಯ ಫೋನ್ ನಂಬರನ್ನು ಚೀಟಿ ನೋಡಿ ಹೇಳುತ್ತಾನೆ,
ಆದರೆ ಈ ವಿಮಾನ ಯಾವ ಮಂಗಳವಾರ ಎಷ್ಟು ಗಂಟೆಗೆ ಎದ್ದು
ಎಷ್ಟು ಗುಂಡು ತಿಂದು ಬಂತು ಎಂದು ಕೇಳಿ,
ಕಣ್ಣು ಮುಚ್ಚಿ ಒಪ್ಪಿಸುತ್ತಾನೆ ಮಗ್ಗಿಯ ಹಾಗೆ.

ಮಗಳು ವಿರ್ಪಿ ಒಮ್ಮೆ ಬಂದಿದ್ದಳು, ಬಾಗಿಲಲ್ಲೇ ನಿಂತಳು.
"ಬಾಂಬು ಹಾಕಿದ್ದಲ್ಲವೇನಪ್ಪಾ ಇದು?
ಇದಕ್ಕೆ ಇಷ್ಟು ಉಪಚಾರವೇ?"
ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ, ಉತ್ತರ ತಪ್ಪಿತು.
ಮೊಳೆ ಉಗುಳಿದ ಮೇಲೂ ಬರಲಿಲ್ಲ.
ಎದ್ದದ್ದು, ಇಳಿದದ್ದು ಎಲ್ಲ ಇದೆ ತೈಸ್ತೊನ ಕಡತದಲ್ಲಿ.
ಕೆಳಗೆ ಯಾರಿದ್ದರು ಎಂಬ ಕಾಲಮ್ಮು
ಯಾರೂ ಗೀಚಿಲ್ಲ.

ಫೆಬ್ರವರಿ ಕೊನೆಗೆ ಬಾಲದ ಹತ್ತಿರ ಬಣ್ಣ ಕೆರೆಯುತ್ತಿದ್ದೆವು.
ಕಪ್ಪು, ಅದರಡಿ ಹಸಿರು
(ತೈಸ್ತೊ ಹೇಳಿದ್ದೇ ಹಸಿರು, ಒಂದು ವಾರ ಬೀಗಿದ),
ಅದರಡಿ ಬೂದಿ, ಅದರಡಿ ತೇಪೆಗಳು.
ಒಂದೊಂದು ತೇಪೆಗೂ ಒಂದೊಂದು ತೂತು,
ಒಂದೊಂದು ತೂತಿಗೂ ಒಂದು ತಾರೀಕು.
ಎಂಟು ಮುಗಿದವು.
ಒಂಬತ್ತನೆಯದರ ಮೇಲೆ ಹೂವಿತ್ತು.

ಸಾಸಿವೆಗಿಂತ ತುಸು ದೊಡ್ಡ ಕೆಂಪು ಹೂ, ಸಾಲುಸಾಲು.
ಪರದೆಯೋ, ದಿಂಬಿನ ಚೀಲವೋ,
ಯಾರದೋ ಲಂಗದ ಅಂಚೋ.
ನಿಯಮದ ಪುಸ್ತಕದಲ್ಲಿ ಸೆಂಟಿಮೀಟರಿಗೆ ಮೂರು ಹೊಲಿಗೆ.
ಈಲಿಸ್ ಭೂತಗನ್ನಡಿ ಇಟ್ಟು ಎಣಿಸಿದ: ಆರು.
ಕೌದಿಗೆ ಹಾಕುವಂಥ ಹೊಲಿಗೆ,
ಕೂಸಿನ ಮೈಗೆ ಒತ್ತಬಾರದೆಂದು
ಗಂಟನ್ನು ಒಳಗೆ ಮಡಚಿದ ಹೊಲಿಗೆ.
ಆ ರಾತ್ರಿ ಬಟ್ಟೆ ಮುಗಿದಿತ್ತೇನೋ.
ಬೆಳಕು ಹರಿಯುವ ಮುಂಚೆ ಮತ್ತೆ ಏಳಬೇಕಿತ್ತೇನೋ.
ಕೆಂಪು ಹೂ ಹೊತ್ತು ಹೋಗಿ
ಇನ್ನೊಂದು ಊರಿನ ಪರದೆಗಳ ಮೇಲೆ...
ನಾನು ಅಲ್ಲಿಗೆ ನಿಲ್ಲಿಸಿದೆ.

ಜಗಳ ಶುರುವಾಯಿತು. ಹಾಗೇ ಬಿಡೋಣ, ಜನ ನೋಡಲಿ, ಎಂದೆ.
ಗಾಜು ಹಾಕಿ ದೀಪ ಬಿಡೋಣ ಎಂದ ಈಲಿಸ್.
ತೈಸ್ತೊ ಬಹಳ ಹೊತ್ತು ಸುಮ್ಮನಿದ್ದ.
"ಅವಳು ಹೊಲಿದ ಮೇಲೆ ಬಣ್ಣ ಬಳಿದಿದ್ದರು.
ನಲವತ್ತೆರಡರಲ್ಲಿ ಯಾರಿಗೂ ಇದು ಕಾಣುತ್ತಿರಲಿಲ್ಲ.
ಸರಿಯಾಗಿ ಮಾಡುವುದೆಂದರೆ ಮುಚ್ಚುವುದೇ."

ಒಲೆ ಆರಿಸಿದೆವು. ಬ್ರಶ್ಶು ಅವನೇ ಹಿಡಿದ.
ಎರಡು ಎಳೆತಕ್ಕೆ ಹೂ ಹೋಯಿತು.
ಬೆರಳಾಡಿಸಿದರೆ ಮಾತ್ರ ಅಂಚು ತಾಕುತ್ತದೆ,
ಹಳೆಯ ಗಾಯದ ಕಲೆಯಂತೆ.

ಕೈ ಒರೆಸಿಕೊಂಡು ಕಡತ ತೆರೆದು ಬರೆದ:
ತೇಪೆ ಒಂಬತ್ತು. ಬಟ್ಟೆ: ಹೂವಿನದು. ಹೊಲಿದವರು: ಗೊತ್ತಿಲ್ಲ.
ಹನ್ನೊಂದು ವರ್ಷದ ಕಡತದಲ್ಲಿ
ಆ ಕೊನೆಯ ಪದ ನಾನು ನೋಡಿದ್ದು ಅದೇ ಮೊದಲು.
ಅದರ ಕೆಳಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದ.
ಆಮೇಲೆ, ಫ್ಲಾಸ್ಕಿನ ಮುಚ್ಚಳ ಸರಿಯಾಗಿ ತಿರುಪಿಲ್ಲವೆಂದು
ನನ್ನನ್ನು ಬೈದ.