ಹತ್ತು ಅಂಕದ ಪ್ರಶ್ನೆ

ಏಪ್ರಿಲ್‌ನಲ್ಲಿ ಶಿವಮೊಗ್ಗ
ತಾನು ಮಲೆನಾಡೆಂಬುದನ್ನೇ ಮರೆತಿರುತ್ತದೆ.
ಮೌಲ್ಯಮಾಪನದ ಕೊಠಡಿಯಲ್ಲಿ ನಾಲ್ಕು ಫ್ಯಾನು,
ತಿರುಗುವುದು ಎರಡು. ಅವುಗಳ ಕೆಳಗೆ
ಸೀನಿಯಾರಿಟಿ ಪ್ರಕಾರ ಕೂತಿದ್ದೇವೆ.

ಪ್ರಶ್ನೆ: ಕುಟುಂಬದ ಕಾರ್ಯಗಳನ್ನು ವಿವರಿಸಿ.
ಮಾದರಿ ಉತ್ತರದಲ್ಲಿ ಐದು ಅಂಶ, ಅಂಶಕ್ಕೆರಡು ಅಂಕ.
ಹತ್ತೊಂಬತ್ತು ವರ್ಷ ನಾನೇ ಬರೆಸಿದ ನೋಟ್ಸು.
'ಕುಟುಂಬವು ಸಮಾಜದ' ಎನ್ನುವಷ್ಟರಲ್ಲಿ
ಮಕ್ಕಳು 'ಮೂಲ ಘಟಕ' ಬರೆದು ಕಿಟಕಿ ನೋಡುತ್ತಿದ್ದರು.
ಬೆಳಗಿನಿಂದ ಹದಿನೇಳು ಪತ್ರಿಕೆ,
ಹದಿನೇಳು ಮೂಲ ಘಟಕ.

ಹದಿನೆಂಟನೆಯದು ಹೀಗೆ ಶುರು:
'ನಮ್ಮ ಮನೆಯಲ್ಲಿ ಐದು ಜನ. ರೇಷನ್ ಕಾರ್ಡಿನಲ್ಲಿ ಮೂವರು.'

(ನನ್ನ ಕಾರ್ಡಿನಲ್ಲಿ ನಾನೊಬ್ಬಳೇ.
ಘಟಕ ಅಂದರೆ ಅದೇ ಇರಬೇಕು.)

'ಅಮ್ಮ ಮಾಚೇನಹಳ್ಳಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ.
ಚಿಕ್ಕಮ್ಮ ಹೊಳೆ ಬಸ್‌ಸ್ಟಾಪಿನ ಹತ್ತಿರ ಮೀನು ಮಾರುತ್ತಾಳೆ.
ಚಿಕ್ಕಮ್ಮ ಅಂದರೆ ಅಮ್ಮನ ತಂಗಿಯಲ್ಲ,
ಅಪ್ಪ ಆಮೇಲೆ ಕರೆತಂದವಳು.
ಅಪ್ಪ ಇದ್ದಾಗ ಮನೆಯಲ್ಲಿ ಎರಡು ಒಲೆ.
ಅಪ್ಪ ಹೋದ ವರ್ಷ
ಸುಮ್ಮನೆ ಎರಡು ಸಿಲಿಂಡರ್ ಯಾಕೆ ಅಂತ
ಒಂದಾಯಿತು.'

ಹೋದ ಎಂದರೆ ಸತ್ತನೋ, ಬಿಟ್ಟು ನಡೆದನೋ,
ಬರೆದಿಲ್ಲ. ಅದಕ್ಕೆ ಅಂಕವೂ ಇಲ್ಲ.

'ಏನ್ರೀ, ಒಂದೇ ಪುಟಕ್ಕೆ ಕಾಲು ಗಂಟೆ?'
ಪಕ್ಕದ ದಾಕ್ಷಾಯಣಿ ಮೇಡಂ.
ಕೆಂಪು ಪೆನ್ನು ಹಿಡಿದು ತಡಕುತ್ತಿದ್ದೆ,
ಹುಣಿಸೆಹಣ್ಣಿನಲ್ಲಿ ಬೀಜ ತಡಕುವ ಹಾಗೆ.

'ಯಜಮಾನಿ ದುಡ್ಡು ಅಮ್ಮನ ಹೆಸರಿಗೆ ಬರುತ್ತದೆ.
ಬಂದ ದಿನ ಸಾವಿರ ಎಣಿಸಿ
ಚಿಕ್ಕಮ್ಮನ ತಕ್ಕಡಿಯ ಕೆಳಗೆ ಇಡುತ್ತಾಳೆ.
ಕೈಗೆ ಕೊಡುವುದಿಲ್ಲ. ಮಾತು ಕಡಿಮೆ.'
ಆರ್ಥಿಕ ಕಾರ್ಯ. ಎರಡು ಅಂಕ.

'ಶಾಲೆಯಲ್ಲಿ ಯಾರಾದರೂ ನಿಮ್ಮಪ್ಪ ಎಲ್ಲಿ ಅಂದರೆ
ನಿಮ್ಮಪ್ಪ ಎಲ್ಲಿ ಅಂತ ತಿರುಗಿ ಕೇಳು ಎಂದು
ಚಿಕ್ಕಮ್ಮನ ಮಗನಿಗೆ ನಮ್ಮಮ್ಮ ಹೇಳಿಕೊಟ್ಟಿದ್ದಾಳೆ.'
ಸಾಮಾಜೀಕರಣ. ಇನ್ನೇನು ಮತ್ತೆ?

'ನಾನು ಕಾಲೇಜಿಗೆ ಚಕ್ಕರ್ ಹೊಡೆದು
ತುಂಗಾ ನಾಲೆಯಲ್ಲಿ ಈಜಿದ ದಿನ
ಇಬ್ಬರೂ ಸೇರಿ ಹೊಡೆದರು.
ಅವರು ಜೊತೆಗೆ ಮಾಡಿದ ಮೊದಲ ಕೆಲಸ ಅದು.'
ನಕ್ಕುಬಿಟ್ಟೆ. ಈಜಿದ್ದು ಎಂದಮೇಲೆ ಹುಡುಗನೇ ಅಂದುಕೊಂಡೆ,
ಹಾಗಂದುಕೊಂಡದ್ದು ಯಾಕೆ ಎಂದು
ನಾಚಿಕೆಯೂ ಆಯಿತು.
ನಿಯಂತ್ರಣ, ಎರಡು.

'ಅಜ್ಜಿ ಅಪ್ಪನ ತಾಯಿ. ಮೆಗ್ಗಾನ್ ಆಸ್ಪತ್ರೆಯಲ್ಲಿ
ನಿಮಗೇನಾಗಬೇಕು ಅಂತ ಕೇಳಿದರು.
ಇಬ್ಬರೂ ಒಟ್ಟಿಗೆ "ಅತ್ತೆ" ಅಂದರು.
ನರ್ಸ್ ಒಂದೇ ಹೆಸರು ಬರೆದುಕೊಂಡಳು,
ಜಾಗ ಅಷ್ಟೇ ಇತ್ತು.'

ಅಲ್ಲಿ ಪೆನ್ನಿಟ್ಟು ನೀರು ಕುಡಿದೆ.

ಐದನೆಯ ಅಂಶ ಸಂತಾನೋತ್ಪತ್ತಿ.
ಅದರ ಬಗ್ಗೆ ಒಂದಕ್ಷರವಿಲ್ಲ.
ನಮ್ಮ ಮಕ್ಕಳು ಅಲ್ಲಿ ನಾಚುತ್ತವೆ, ಅಂಕ ಕಳೆದುಕೊಳ್ಳುತ್ತವೆ.

ಎಂಟು ಎಂದು ಬರೆದೆ. ಚೀಫ್ ಗುತ್ಯಪ್ಪ ಸರ್
ಕನ್ನಡಕ ಏರಿಸಿ ನೋಡಿದರು:
'ಹೆಡ್ಡಿಂಗ್ ಇಲ್ಲ. ಅಡಿಗೆರೆ ಇಲ್ಲ.
ಮೂಲ ಘಟಕ ಅಂತಲೂ ಬರೆದಿಲ್ಲ.'
'ಇಲ್ಲ ಸರ್.'
'ಎಂಟು ಯಾವ ಲೆಕ್ಕ?'
ನಾನು ತಕ್ಕಡಿಯ ಸಾಲಿನ ಮೇಲೆ ಬೆರಳಿಟ್ಟೆ.
ಅವರು ಓದಿದರು. ಪುಟ ತಿರುಗಿಸಿದರು.
ಅವರ ತಾಯಿಗೂ ಒಬ್ಬ ಸವತಿಯಿದ್ದಳೆಂದು
ಸ್ಟಾಫ್ ರೂಮಿನಲ್ಲಿ ಯಾರೋ ಎಂದೋ ಅಂದದ್ದು
ಆಗ ನೆನಪಾಗಬಾರದಿತ್ತು.
'ಆರು ಹಾಕಿ,' ಎಂದು ಚಹಾಕ್ಕೆ ಹೋದರು.
ಏಳು ಹಾಕಿದೆ.

ಕೊನೆಯ ಸಾಲು:
'ಆದ್ದರಿಂದ ಕುಟುಂಬ ಎಂದರೆ'
ಅಲ್ಲಿಗೆ ಬೆಲ್ ಹೊಡೆದಿರಬೇಕು.
ಮುಂದೆ ಅರ್ಧ ಪುಟ ಖಾಲಿ.
ಖಾಲಿ ಜಾಗಕ್ಕೆ ಕೆಂಪು ಅಡ್ಡಗೆರೆ ಎಳೆಯಬೇಕು, ನಿಯಮ.
ಎಳೆದೆ. ಗೆರೆ ಅಷ್ಟು ನೇರ ಬರಲಿಲ್ಲ.

ಹತ್ತೊಂಬತ್ತನೆಯ ಪತ್ರಿಕೆ ತೆರೆದೆ:
'ಕುಟುಂಬವು ಸಮಾಜದ